ಭಾನುವಾರದ ಕೂಟ, ಮತ್ತು ಆ ವಿಡಿಯೊ

ಎಲ್ಲರಿಗೂ ನಮಸ್ಕಾರ.

ಪುಣೆಯ ನಮ್ಮ ಕೋಥರೂಡ್ ಕನ್ನಡ ಬಳಗದ ತಿಂಗಳ ಕೂಟ ಈ ಭಾನುವಾರ ಸಂಜೆ 5ಕ್ಕೆ, ಎಂದಿನ ಸೊಸೈಟಿ ಸಭಾಂಗಣದಲ್ಲಿ. ಕೊಲೆಯಂತಹ ಆರೋಪ ಹೊತ್ತ ಮನೋರೋಗಿಗಳ ಕುರಿತು ವಕೀಲರೊಬ್ಬರು ಮಾತನಾಡುತ್ತಾರೆ.

ಅದಕ್ಕೂ ಮೊದಲು ಒಂದು ವಿನಂತಿ. ಕೊಲೆಯ ಆರೋಪಿಯೊಬ್ಬನನ್ನು ಜನ ಥಳಿಸುವ ವಿಡಿಯೊವನ್ನು ನಮ್ಮ ಗುಂಪಿನಲ್ಲಿ ಹಾಕಿದವರು ಇಂದು ರಾತ್ರಿಯೊಳಗೆ ಅಳಿಸಿಬಿಡಿ. ಅದರ ಕೆಳಗಿನ ‘ಹುಚ್ಚಿನ ನಾಟಕ’ ಎಂಬ ಷರಾ ಓದಿ ನನಗಂತೂ ಸಂಕಟವಾಯಿತು. ನಾಟಕವೋ ಕಾಯಿಲೆಯೋ ಎಂಬುದನ್ನು ವೈದ್ಯರು ಪರೀಕ್ಷಿಸಲಿ, ನ್ಯಾಯಾಲಯ ಹೇಳಲಿ. ಬುದ್ಧಿ ಸ್ವಾಧೀನವಿಲ್ಲದವರಿಗೆ ವಿನಾಯಿತಿ ಕೊಡುವ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು (ಹಳೆಯ ದಂಡ ಸಂಹಿತೆಯಲ್ಲಿ 84) ಅಷ್ಟು ಸುಲಭವಾಗಿ ಯಾರನ್ನೂ ಬಿಡುವುದಿಲ್ಲ. ಕೃತ್ಯದ ಹೊತ್ತಿನಲ್ಲಿ ತಾನೇನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಎಂದು ಅರಿಯುವ ಶಕ್ತಿಯೇ ಇರಲಿಲ್ಲವೆಂದು ಆರೋಪಿಯ ಕಡೆಯವರೇ ತೋರಿಸಬೇಕು. ಖುಲಾಸೆಯಾದರೂ ಸುರಕ್ಷಿತ ಪಾಲನೆಯಲ್ಲಿ ಇಡುತ್ತಾರೆ, ಇಲ್ಲವೇ ಹೊಣೆಯ ಮುಚ್ಚಳಿಕೆ ಪಡೆದು ಬಂಧುಗಳಿಗೆ ಒಪ್ಪಿಸುತ್ತಾರೆ.

ಸತ್ತವರ ಮನೆಯ ದುಃಖ ಇದರಿಂದ ಇಳಿಯದು, ಬಲ್ಲೆ. ಆದರೆ ಯೆರವಡಾದ ಮನೋರೋಗ ಆಸ್ಪತ್ರೆಯಲ್ಲಿ ಮಗನಿಗಾಗಿ ಬುತ್ತಿ ಹಿಡಿದು ಕಾಯುವ ತಾಯಿಯದೂ ದುಃಖವೇ.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಚಹಾ ಮತ್ತು ಚುರುಮುರಿಯ ಲೆಕ್ಕಕ್ಕೆ. ಮನೆಯಲ್ಲಿ ಯಾರಿಗಾದರೂ ಇಂಥ ತೊಂದರೆಯಿದ್ದರೆ ಗುಂಪಿನಲ್ಲಿ ಬರೆಯುವುದು ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಉಚಿತ.