ಅಪ್ಪಯ್ಯನ ಕಾಲು, ಕರಿಬೇವಿನ ಹುಳ

ಠಾಣೆ
ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರ. ಇತ್ತ ಕ್ಷೇಮ.

ನಿನ್ನ ಕಾಗದ ತಲುಪಿತು. ಪುಟಗಟ್ಟಲೆ ನನ್ನ ಚಿಟ್ಟೆ ಹುಚ್ಚಿಗೆ ಬೈದು, ಕೊನೆಗೆ ಮೂಲೆಯಲ್ಲಿ ಒಂದೇ ಸಾಲು: ಅಪ್ಪಯ್ಯನ ಅಂಗಾಲಿನ ಹುಣ್ಣು ಮಾಗಿಲ್ಲ ಅಂತ. ಅದನ್ನಲ್ಲವೇ ಮೊದಲು ಬರೆಯುವುದು?

ಹುಚ್ಚು ನನಗೊಬ್ಬನಿಗೇ ಅಲ್ಲ ಮಾರಾಯ್ತಿ. ಇಲ್ಲಿಯ ಸರ್ಕಾರವೇ 2015ರಲ್ಲಿ ಬ್ಲೂ ಮಾರ್ಮನ್ನನ್ನು ರಾಜ್ಯದ ಚಿಟ್ಟೆ ಅಂತ ಸಾರಿದೆ, ದೇಶದಲ್ಲೇ ಮೊದಲು. ನಮ್ಮ ಚಕ್ಕೋತದ ಮರ ಸುತ್ತುತ್ತದಲ್ಲ, ಕಪ್ಪು ಮೈಯ ನೀಲಿ ರೆಕ್ಕೆಯದು, ಅದೇ! ಘೋಡಬಂದರ್ ರಸ್ತೆಯ ಓವಳೇಕರ್ ವಾಡಿಗೆ ಜನ ದುಡ್ಡು ಕೊಟ್ಟು ಚಿಟ್ಟೆ ನೋಡಲು ಬರುತ್ತಾರೆ. ಕೇಪಳದ ಹೂ ಹೀರುವಾಗಲೂ ಅದರ ಮುಂದಿನ ರೆಕ್ಕೆ ಪಟಪಟ ಬಡಿಯುತ್ತಲೇ ಇರುತ್ತದೆ. ಫೋಟೋದಲ್ಲಿ ಕಣ್ಣು, ಸೊಂಡಿಲು ಸ್ಪಷ್ಟ, ರೆಕ್ಕೆ ಮಾತ್ರ ಮಸುಕು.

ಕರಿಬೇವಿಗೆ ಔಷಧಿ ಹೊಡೆಸಬೇಡ. ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕೂತಿರುವುದು ಕಾಮನ್ ಮಾರ್ಮನ್ನಿನ ಮರಿಹುಳ. ದೊಡ್ಡದಾದರೆ ಹಸಿರಾಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ನಾರುತ್ತದೆ, ಅಷ್ಟೇ. ಅದರ ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸ್ ಎಂಬ ವಿಷದ ಚಿಟ್ಟೆಯ ವೇಷ ಹಾಕಿ ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತವೆ. ರೆಕ್ಕೆ ನೋಡಿದರೆ ನಾವೂ ಮೋಸ ಹೋಗುತ್ತೇವೆ. ಮೈ ನೋಡಬೇಕು, ಕೆಂಪಿದ್ದರೆ ರೋಸ್, ಕಪ್ಪಿದ್ದರೆ ಮಾರ್ಮನ್. ಗಿಡ ಚಿಗುರುತ್ತದೆ ಬಿಡು.

ಕಾಲು ಹಾಗಲ್ಲ. ಸಕ್ಕರೆ ಕಾಯಿಲೆಯವರಿಗೆ ಅಂಗಾಲು ಮರಗಟ್ಟಿರುತ್ತದೆ. 'ನೋವೇ ಇಲ್ಲ, ಅರಿಶಿನ ಹಚ್ಚಿದ್ದೇನೆ' ಅಂತ ಅವರು ಹೇಳಿದಷ್ಟೂ ನನಗೆ ಹೆದರಿಕೆ. ತೋಟಕ್ಕೆ ಈಗಲೂ ಬರಿಗಾಲಲ್ಲೇ ಹೋಗುತ್ತಾರೆ ತಾನೇ? ನಾಳೆಯೇ ಸುಬ್ಬಣ್ಣನ ಕಾರಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗು. ಅಡಿಕೆ ಕೊಯ್ಲು ಮುಗಿಯಲಿ ಅಂದರೆ ಕೇಳಬೇಡ. ಕಾಲು ಕಪ್ಪಗಾಗಿದೆಯಾ, ಕೀವಿದೆಯಾ, ವಾಸನೆ ಬರುತ್ತಿದೆಯಾ, ನೀನೇ ದೀಪ ಹಿಡಿದು ನೋಡು. ದುಡ್ಡು ಭಾಗ್ಯನ ಖಾತೆಗೆ ಹಾಕಿದ್ದೇನೆ, ಅಪ್ಪಯ್ಯನಿಗೆ ಹೇಳಬೇಡ.

ನನ್ನ ಚಿಂತೆ ಬೇಡ. ಕ್ಯಾಮೆರಾ ಸೆಕೆಂಡ್ ಹ್ಯಾಂಡು, ಸಾಲ ಮಾಡಿಲ್ಲ. ಮಾಟುಂಗಾದಲ್ಲಿ ನಮ್ಮ ಕಡೆ ಸಾಮಾನೆಲ್ಲ ಸಿಗುತ್ತದೆ, ಊಟಕ್ಕೆ ತೊಂದರೆಯಿಲ್ಲ. ತೂಕವೂ ಹೆಚ್ಚಾಗಿದೆ. ವಾಡಿಯಲ್ಲಿ ಹಾವಿಲ್ಲ. ಇದ್ದರೂ ನಾನು ಬೂಟು ಹಾಕಿರುತ್ತೇನೆ.

ನಲ್ಲಿಯಲ್ಲಿ ನೀರು ಬಂತು, ಹಿಡಿಯಬೇಕು. ಡಾಕ್ಟರು ಏನಂದರು ಅಂತ ಭಾಗ್ಯನ ಹತ್ತಿರ ಅವತ್ತೇ ಫೋನ್ ಮಾಡಿಸು.

ನಿನ್ನ ಮಗ
ರಾಘು