ಸ್ಪೀಕರ್ ಜೊತೆ ಆ ಮೂರು ಅಂಕಿಗಳನ್ನೂ ಕೊಡಿ

ಮಾನ್ಯ ಸಂಪಾದಕರೇ,

ಹೋಮ್ ಥಿಯೇಟರ್ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಪರದೆ ಎಷ್ಟು ದೊಡ್ಡದಿರಬೇಕು, ಸ್ಪೀಕರ್ ಎಷ್ಟು ವಾಟ್ ಇರಬೇಕು ಎಂಬುದೆಲ್ಲ ಅದರಲ್ಲಿತ್ತು. ಆ ಸ್ಪೀಕರ್ ಕೂರುವ ಪೆಟ್ಟಿಗೆಯ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ನಾಲ್ಕು ವರ್ಷಗಳಿಂದ ಬಿಡುವಾದಾಗಲೆಲ್ಲ ಅಂಥ ಪೆಟ್ಟಿಗೆಗಳನ್ನು ಕೊಯ್ದು, ಅಂಟಿಸಿ, ಒಡೆದು, ಮತ್ತೆ ಕಟ್ಟುತ್ತಿರುವವನು ನಾನು. ಅದಕ್ಕೇ ಈ ಪತ್ರ.

ಇದು ಶುರುವಾದದ್ದು ಅಪ್ಪನಿಂದ. ವಯಸ್ಸಾದ ಮೇಲೆ ಅವರಿಗೆ ಟಿವಿಯ ಮಾತು ಸರಿಯಾಗಿ ತಿಳಿಯುತ್ತಿರಲಿಲ್ಲ. ಮಾತು ಬಂದಾಗ ವಾಲ್ಯೂಮ್ ಏರಿಸುವರು, ಹಿನ್ನೆಲೆ ಸಂಗೀತ ಬಂದಾಗ ಇಳಿಸುವರು. ರಿಮೋಟ್ ಕೈಬಿಟ್ಟು ಕೂತದ್ದೇ ಇಲ್ಲ. ‘ಸಾಲ’ ಎಂದರೆ ಅವರಿಗೆ ‘ಹಾಲ’ ಎಂದು ಕೇಳುತ್ತಿತ್ತು. ಸಕಾರ, ಶಕಾರ, ತಕಾರಗಳ ಗುರುತು ಇರುವುದು ಹೆಚ್ಚಾಗಿ ಸೆಕೆಂಡಿಗೆ 2000 ಕಂಪನ, ಅಂದರೆ 2000 ಹರ್ಟ್ಜ್‌ಗಿಂತ ಮೇಲೆ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಭಾಗವನ್ನೇ. ಟಿವಿಯ ಬೆನ್ನಿಗಿರುವ ತೆಳುವಾದ ಸ್ಪೀಕರ್‌ಗಳು ಆ ಸದ್ದನ್ನು ಗೋಡೆಗೆ ಬಡಿದು ಇನ್ನಷ್ಟು ಕದಡುತ್ತಿದ್ದವು. ಸಿನಿಮಾದ ಮಾತುಗಳು ಬಹುಪಾಲು ನಡುವಿನ ಸ್ಪೀಕರ್‌ಗೆಂದೇ ಇರುವ ಧ್ವನಿಯ ಚಾನೆಲ್‌ನಲ್ಲೇ ಬರುವುದರಿಂದ, ಪರದೆಯ ಕೆಳಗೆ ಒಂದು ಒಳ್ಳೆಯ ಸ್ಪೀಕರ್, ಪಕ್ಕದಲ್ಲಿ ಬಾಸ್‌ಗೆ (ತಗ್ಗಿನ ಸ್ವರಗಳಿಗೆ) ಬೇರೆಯದೇ ಒಂದು ಪೆಟ್ಟಿಗೆ, ಎರಡನ್ನೂ ನಾನೇ ಕಟ್ಟುವುದೆಂದು ತೀರ್ಮಾನಿಸಿದೆ.

ಎಂಟು ಇಂಚಿನ ವೂಫರ್, ಅಂದರೆ ಬಾಸ್ ಸ್ಪೀಕರ್, ಕೊಂಡುತಂದೆ. ಅದರ ಡಬ್ಬದ ಮೇಲೆ ವಾಟ್ ಎಷ್ಟೆಂದು ದಪ್ಪಕ್ಷರದಲ್ಲಿತ್ತು, ಬೇರೇನೂ ಇರಲಿಲ್ಲ. ಕಣ್ಣಂದಾಜಿನಲ್ಲಿ 12 ಲೀಟರ್‌ನಷ್ಟು ಒಳಜಾಗದ ಮುಚ್ಚಿದ ಪೆಟ್ಟಿಗೆ ಮಾಡಿ ಕೂರಿಸಿದೆ. ಗುಡುಗಿದರೂ, ಬಾಗಿಲು ಬಡಿದರೂ, ಕುದುರೆ ಓಡಿದರೂ ಒಂದೇ ‘ಧುಂ’. ಸದ್ದೇನೋ ದೊಡ್ಡದಿತ್ತು, ಆದರೆ ಒಂದು ಸದ್ದಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ಇರಲಿಲ್ಲ. ಆಂಪ್ಲಿಫಯರ್ ಸರಿಯಿಲ್ಲವೆಂದು ವಾರಗಟ್ಟಲೆ ಅದನ್ನು ತಿರುವುತ್ತಾ ಕೂತೆ.

ತಪ್ಪು ಪೆಟ್ಟಿಗೆಯಲ್ಲಿತ್ತು. ಸ್ಪೀಕರ್‌ನ ಕೋನ್ (ಅಲುಗಾಡುವ ಶಂಕುವಿನಾಕಾರದ ಹಾಳೆ) ಮುಂದೆ ಗಾಳಿಯನ್ನು ತಳ್ಳುವಾಗಲೇ ಹಿಂದೆ ಎಳೆಯುತ್ತದೆ. ಪೆಟ್ಟಿಗೆಯೇ ಇಲ್ಲದಿದ್ದರೆ ಆ ಎರಡೂ ಅಲೆಗಳು ಸೇರಿ ತಗ್ಗಿನ ಸ್ವರಗಳು ಅಲ್ಲೇ ಅಳಿದುಹೋಗುತ್ತವೆ. ಹಿಂದಿನ ಅಲೆಯನ್ನು ಮುಚ್ಚಿಟ್ಟರೆ ಒಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿದುಕೊಳ್ಳುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಚಿಕ್ಕ ಪೆಟ್ಟಿಗೆಯಿಂದ ಆಳದ ಬಾಸ್ ಹೊರಡಿಸಿದ್ದು ಈ ಸ್ಪ್ರಿಂಗನ್ನೇ ನಂಬಿ. ಆದರೆ ಯಾವ ಡ್ರೈವರ್‌ಗೆ (ಪೆಟ್ಟಿಗೆಯಲ್ಲಿ ಕೂರುವ ಬರಿಯ ಸ್ಪೀಕರ್‌ಗೆ) ಎಷ್ಟು ಬಿಗಿಯ ಸ್ಪ್ರಿಂಗ್ ಬೇಕು? ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ, ಅದನ್ನು ಲೆಕ್ಕಕ್ಕೆ ತಂದುಕೊಟ್ಟರು. ಮುಖ್ಯವಾಗಿ ಬೇಕಾದವು ಮೂರೇ ಅಂಕಿ. ಡ್ರೈವರ್ ತಾನಾಗಿ ಕಂಪಿಸುವ ಆವರ್ತನ, ಅಂದರೆ ಎಫ್ಎಸ್. ಆ ಕಂಪನಕ್ಕೆ ಎಷ್ಟು ಕಡಿವಾಣವಿದೆ ಎಂದು ತಿಳಿಸುವ ಕ್ಯುಟಿಎಸ್ (ಅಂಕಿ ಹೆಚ್ಚಿದಷ್ಟೂ ಕಡಿವಾಣ ಕಡಿಮೆ). ಕೋನನ್ನು ಹಿಡಿದಿರುವ ಅಂಚು ಮುಂತಾದವು ಎಷ್ಟು ಲೀಟರ್ ಗಾಳಿಯಷ್ಟು ಮೆದು ಎಂದು ಹೇಳುವ ವಿಎಎಸ್.

ತಯಾರಕರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ಒಂದು ರೆಸಿಸ್ಟರ್, ಮಲ್ಟಿಮೀಟರ್ ಮತ್ತು ಕಂಪ್ಯೂಟರ್‌ನಿಂದ ಬಂದ ಸ್ವರಗಳನ್ನಿಟ್ಟುಕೊಂಡು ಎರಡು ಭಾನುವಾರ ಕೂತು ನಾನೇ ಅಳೆದೆ. ಎಫ್ಎಸ್ 36 ಹರ್ಟ್ಜ್, ಕ್ಯುಟಿಎಸ್ 0.55, ವಿಎಎಸ್ 55 ಲೀಟರ್. ಲೆಕ್ಕ ಹಾಕಿದರೆ, 12 ಲೀಟರ್ ಪೆಟ್ಟಿಗೆಯಲ್ಲಿ ಆ ಕಂಪನ 36ರಿಂದ 85 ಹರ್ಟ್ಜ್‌ಗೆ ಜಿಗಿದಿತ್ತು, ಪೆಟ್ಟಿಗೆಯನ್ನೂ ಸೇರಿಸಿ ಕಡಿವಾಣ ಹೇಳುವ ಒಟ್ಟು ಕ್ಯು 1.3ಕ್ಕೆ ಏರಿತ್ತು, 100 ಹರ್ಟ್ಜ್ ಆಸುಪಾಸಿನಲ್ಲಿ 3 ಡೆಸಿಬೆಲ್ ಉಬ್ಬು ಎದ್ದಿತ್ತು. ನಾನು ಕೇಳುತ್ತಿದ್ದ ‘ಧುಂ’ ಅದೇ.

ಪುಸ್ತಕದ ಪ್ರಕಾರ ಉಬ್ಬಿಲ್ಲದ ಸದ್ದಿಗೆ ಬೇಕಾದ ಒಟ್ಟು ಕ್ಯು 0.707 ಬರಬೇಕಾದರೆ 84 ಲೀಟರ್ ಬೇಕು. ಅಷ್ಟು ದೊಡ್ಡದನ್ನು ಕೋಣೆಯಲ್ಲಿ ಇಡಲು ಜಾಗವಿರಲಿಲ್ಲ. 50 ಲೀಟರ್‌ಗೆ ಕ್ಯು 0.8, ಕಂಪನ 52 ಹರ್ಟ್ಜ್. ಕಿವಿಗೆ ಅಷ್ಟು ಸಾಕೆಂದು ಅದನ್ನೇ ಆರಿಸಿದೆ. ಇಂದಿಗೂ ಅದು ಸರಿಯೆಂದೇ ನನಗನಿಸುತ್ತದೆ. ಒಳಗಿನ ಆಧಾರಪಟ್ಟಿ, ಡ್ರೈವರ್‌ನ ಅಯಸ್ಕಾಂತ ತಿನ್ನುವ ಜಾಗವನ್ನೂ ಸೇರಿಸಿ ಒಳ ಅಳತೆ 30, 35, 50 ಸೆಂಟಿಮೀಟರ್ ಇಟ್ಟೆವು. ಆದರೆ ಇದೇ ಅಳತೆಯನ್ನು ನಾನು ಮೊದಲು ತಪ್ಪಾಗಿ ಹೊರಗಿನದೆಂದು ಹಲಗೆಯ ಮೇಲೆ ಗುರುತು ಹಾಕಿದ್ದೆ. ಹಲಗೆ 18 ಮಿಲಿಮೀಟರ್ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ್ದು. “ಅಪ್ಪಾ, ಹೀಗೆ ಕೊಯ್ದರೆ ಒಳಗೆ ಮೂವತ್ತೆಂಟೂವರೆ ಲೀಟರೇ ಉಳಿಯೋದು” ಎಂದು ಗರಗಸ ಹಿಡಿಯುವ ಮೊದಲೇ ನಿಲ್ಲಿಸಿದವಳು ಹತ್ತನೇ ತರಗತಿಯ ಮಗಳು.

ಎಂಡಿಎಫ್ ಕೊಯ್ಯುವವರು ಮಾಸ್ಕ್ ಇಲ್ಲದೆ ಕೈ ಹಾಕಲೇಬೇಡಿ. ಅದರ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ, ದೂಳು ಹಿಟ್ಟಿನಷ್ಟು ನಯ, ಎದೆಯೊಳಕ್ಕೇ ಇಳಿಯುತ್ತದೆ. ಕೀಲುಗಳಿಗೆ ಧಾರಾಳವಾಗಿ ಅಂಟು ಬಳಿಯಿರಿ. ಮುಚ್ಚಿದ ಪೆಟ್ಟಿಗೆಯ ಕೋನನ್ನು ಬೆರಳುಗಳಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಅದು ನಿಧಾನವಾಗಿ ಹಿಂದಿರುಗಬೇಕು, ತಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ನಮ್ಮದು ಮೊದಲು ಸೋರಿದ್ದು ತಂತಿ ಹೊರಬರುವ ತೂತಿನಲ್ಲಿ. ಒಳಗೆ ಆಧಾರಪಟ್ಟಿ ಹಾಕುವ ಮೊದಲು ಪೆಟ್ಟಿಗೆಯ ಗೋಡೆಯನ್ನು ಗೆಣ್ಣಿನಿಂದ ತಟ್ಟಿದರೆ ‘ಡಬ್ ಡಬ್’ ಎನ್ನುತ್ತಿತ್ತು, ಹಾಕಿದ ಮೇಲೆ ‘ಟಕ್ ಟಕ್’.

ನಡುವಿನ ಸ್ಪೀಕರ್‌ನಲ್ಲಿ ಟ್ವೀಟರನ್ನು (ಏರು ಸ್ವರಗಳ ಪುಟ್ಟ ಸ್ಪೀಕರ್) ವೂಫರ್‌ನ ಮೇಲೆ ಕೂರಿಸಿದೆ. ಅಂಗಡಿಯ ಸೆಂಟರ್ ಸ್ಪೀಕರ್‌ಗಳಲ್ಲಿ ಎರಡು ವೂಫರ್‌ಗಳನ್ನು ಅಕ್ಕಪಕ್ಕ ಮಲಗಿಸಿರುವುದೇ ಹೆಚ್ಚು. ನೋಡಲು ಚೆಂದ, ಆದರೆ ಪಕ್ಕಕ್ಕೆ ಕೂತವರಿಗೆ ಎರಡರ ಅಲೆಗಳು ಹಿಂದುಮುಂದಾಗಿ ತಲುಪಿ ಕೆಲವು ಸ್ವರಗಳು ಕುಗ್ಗುತ್ತವೆ. ನಮ್ಮಪ್ಪ ಕೂರುತ್ತಿದ್ದದ್ದು ಸೋಫಾದ ತುದಿಯಲ್ಲಿ. ನಡುವಿನ ಸ್ಪೀಕರ್, ಬಾಸ್ ಪೆಟ್ಟಿಗೆ ಎರಡನ್ನೂ ಜೋಡಿಸಿ, 80 ಹರ್ಟ್ಜ್‌ಗಿಂತ ಕೆಳಗಿನದನ್ನು ಬಾಸ್ ಪೆಟ್ಟಿಗೆಗೆ ಬಿಟ್ಟು, ಹಳೆಯ ನಾಟಕವೊಂದರ ರೆಕಾರ್ಡಿಂಗ್ ಹಾಕಿದ ಸಂಜೆ ಅವರು ರಿಮೋಟ್ ಮುಟ್ಟಲಿಲ್ಲ. “ಸಾಲ ಅಂದ ಕಣೋ” ಎಂದು ನನ್ನ ಕಡೆ ತಿರುಗಿದರು.

ನನ್ನ ಕೋರಿಕೆ ಇಷ್ಟೇ. ಡ್ರೈವರ್ ಮಾರುವವರು ಈ ಮೂರು ಅಂಕಿಗಳನ್ನು ಡಬ್ಬದ ಮೇಲೆ ಮುದ್ರಿಸಲಿ. ಅಳೆಯದೆ ಯಾರೂ ಡ್ರೈವರ್ ವಿನ್ಯಾಸ ಮಾಡಲಾರರು, ಅಂದಮೇಲೆ ಅಂಕಿಗಳು ಅವರ ಬಳಿ ಇದ್ದೇ ಇರುತ್ತವೆ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಸಾವಿರಾರು ವಾಟ್ ಬರೆಯಲು ಡಬ್ಬದಲ್ಲಿ ಜಾಗವಿದೆ, ಆ ಪಿಎಂಪಿಒಗೆ ಒಪ್ಪಿತವಾದ ಅಳತೆಯ ಮಾನದಂಡವೇ ಇಲ್ಲ. ನಿಮ್ಮ ಪುರವಣಿಯೂ ಸ್ಪೀಕರ್‌ಗಳ ಬಗ್ಗೆ ಬರೆಯುವಾಗ ವಾಟ್ ಜೊತೆ ಇವನ್ನೂ ಕೇಳಿ ಬರೆಯಲಿ. ಎರಡು ಭಾನುವಾರ ಕೂತು ಅಳೆಯುವ ತಾಳ್ಮೆ, ಸಲಕರಣೆ ಎಲ್ಲರಿಗೂ ಇರುವುದಿಲ್ಲ. ಅಂಕಿ ಸಿಗದವರು ನನ್ನ ಹಾಗೆ 12 ಲೀಟರ್ ಪೆಟ್ಟಿಗೆ ಕಟ್ಟಿ, ಮನೆಯಲ್ಲಿ ಮಾಡಿದ್ದು ಇಷ್ಟೇ ಎಂದು ಕೈಬಿಟ್ಟುಬಿಡುತ್ತಾರೆ.

ನಾನು ಅಳೆದ ಅಂಕಿಗಳ ಚೀಟಿಯನ್ನು ಬಾಸ್ ಪೆಟ್ಟಿಗೆಯ ಹಿಂಬದಿಗೆ ಅಂಟಿಸಿದ್ದೇನೆ. ಮುಂದೊಂದು ದಿನ ಮಗಳು ಅದನ್ನು ಬಿಚ್ಚಿ ಬೇರೆ ಪೆಟ್ಟಿಗೆ ಕಟ್ಟಿದರೆ ಮತ್ತೆ ಅಳೆಯುವ ಕೆಲಸ ಅವಳಿಗಿರುವುದಿಲ್ಲ.

ಇಂತಿ,
ನಿಮ್ಮ ಓದುಗ