ಅಂಗಡಿಹಳ್ಳಿಯವರಿಗೆ, ಮತ್ತೆ ಇನ್ನೂ ಕೆಲವರಿಗೆ

ಭಾಷಾವಿಜ್ಞಾನದಲ್ಲಿ ನನ್ನ ಪಿಎಚ್‌ಡಿ ವೈವಾ ಕಳೆದ ವಾರ ಮೈಸೂರಿನಲ್ಲಿ ಮುಗಿಯಿತು. ಹಾರೈಸಿದ ಎಲ್ಲರಿಗೂ ಪ್ರೀತಿಯ ನಮಸ್ಕಾರ. ಆದರೆ ಈ ಪದವಿಯ ದೊಡ್ಡ ಪಾಲು ನಮ್ಮ ಹಾಸನ ಜಿಲ್ಲೆಯ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯದು. ಅದನ್ನು ಎಲ್ಲರೆದುರು ಹೇಳಲೇಬೇಕು.

ಅಲ್ಲಿನ ಹಕ್ಕಿಪಿಕ್ಕಿ ಜನ ಮನೆಯಲ್ಲಿ ಆಡುವುದು ವಾಗ್ರಿ. ಅದು ಗುಜರಾತಿಗೆ ಹತ್ತಿರದ ಇಂಡೋ-ಆರ್ಯನ್ ಭಾಷೆ. ಹೊಸಿಲು ದಾಟಿದರೆ ಸುತ್ತಲೂ ಕನ್ನಡ, ಅದು ದ್ರಾವಿಡ ಭಾಷೆ. ಬೇರೆ ಬೇರೆ ಕುಟುಂಬದ ಎರಡು ಭಾಷೆಗಳು ತಲೆಮಾರುಗಟ್ಟಲೆ ಜೊತೆಗಿದ್ದರೆ ವಾಕ್ಯದ ಕಟ್ಟಿಗೆ ಏನಾಗುತ್ತದೆ? ಇದೇ ನನ್ನ ಪ್ರಶ್ನೆ. ಮಹಾರಾಷ್ಟ್ರದ ಗಡಿಭಾಗದ ಕುಪ್ವಾಡ ಎಂಬ ಹಳ್ಳಿಯ ಬಗ್ಗೆ ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದಿದ್ದರು. ಅಲ್ಲಿ ಕನ್ನಡ, ಮರಾಠಿ, ಉರ್ದುವಿನ ಪದಗಳು ಬೇರೆಯಾಗಿಯೇ ಉಳಿದು, ವಾಕ್ಯದ ಕಟ್ಟು ಮಾತ್ರ ಒಂದನ್ನೊಂದು ಹೋಲತೊಡಗಿತ್ತು. ಎಂ.ಎ.ಯಲ್ಲಿ ಅದನ್ನು ಓದಿದಾಗಲೇ ನಮ್ಮ ಜಿಲ್ಲೆಯಲ್ಲೂ ಕಿವಿಗೊಟ್ಟು ಕೇಳಬೇಕು ಅನ್ನಿಸಿತ್ತು.

ಕೇಳುವವರಿಗಿಂತ ಹೇಳುವವರ ಕಷ್ಟ ಜಾಸ್ತಿ. ‘ನಾನು ಬಂದೆ, ಅವಳು ಬಂದಳು, ಅವರು ಬರಲಿಲ್ಲ’ ಅಂತ ಎಲ್ಲ ಕಾಲದಲ್ಲೂ ಎಲ್ಲ ವಚನದಲ್ಲೂ ವಾಗ್ರಿಯಲ್ಲಿ ಹೇಳಿಸುತ್ತೇವೆ. ಮರುದಿನ ಮತ್ತೆ ಅದೇ. ತಲೆಗೂದಲಿನ ಎಣ್ಣೆ ಕಾಯಿಸುತ್ತಲೇ ಅಲ್ಲಿನ ಹೆಂಗಸರು ಬೇಸರವಿಲ್ಲದೆ ಉತ್ತರ ಕೊಟ್ಟರು. ನನ್ನ ಸ್ವರ ಸರಿಹೋಗುವವರೆಗೂ ಒಬ್ಬ ಅಜ್ಜಿ ಬಿಡುತ್ತಲೇ ಇರಲಿಲ್ಲ. ಮೊಮ್ಮಗ ಕನ್ನಡ ಬೆರೆಸಿ ಹೇಳಿದಾಗ, ‘ಅದನ್ನೂ ಬರ್ಕೋ, ಅದೂ ನಮ್ಮದೇ’ ಅಂದರು. ನನ್ನ ಮೂರನೆಯ ಅಧ್ಯಾಯ ನಿಂತಿರುವುದೇ ಆ ಮಾತಿನ ಮೇಲೆ.

2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧ ಶುರುವಾಗಿ, ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಭಾರತ ಸರ್ಕಾರದ ರಕ್ಷಣಾ ಕಾರ್ಯಾಚರಣೆ ಆಪರೇಷನ್ ಕಾವೇರಿಯಲ್ಲಿ ಅವರು ವಾಪಸ್ ಬರುವವರೆಗೂ ನಾನು ರೆಕಾರ್ಡರ್ ಹೊರಗೆ ತೆಗೆಯಲಿಲ್ಲ. ಅಂಥ ದಿನಗಳಲ್ಲೂ ನನ್ನನ್ನು ಮನೆಯೊಳಗೆ ಕೂರಿಸಿ ಟೀ ಕೊಟ್ಟವರನ್ನು ಹೇಗೆ ಮರೆಯಲಿ?

ರೆಕಾರ್ಡಿಂಗ್ ಬರವಣಿಗೆಗೆ ಇಳಿಯುವುದು ಬಹಳ ನಿಧಾನದ ಕೆಲಸ. ಒಂದು ಗಂಟೆಯ ಮಾತಿಗೆ ದಿನಗಟ್ಟಲೆ ಕೂರಬೇಕು. ಅಲ್ಲಿನ ಒಬ್ಬ ಕಾಲೇಜು ಹುಡುಗಿ ನನ್ನ ಪಕ್ಕದಲ್ಲೇ ಕೂತು ರೆಕಾರ್ಡಿಂಗ್ ಕೇಳುತ್ತ ಬರೆದುಕೊಳ್ಳುವ ಇಲಾನ್ ಸಾಫ್ಟ್‌ವೇರ್ ಕಲಿತು, ವಾಕ್ಯ ವಾಕ್ಯವನ್ನೂ ಬಿಡಿಸಿಕೊಟ್ಟಳು. ಅವಳು ಎಂ.ಎ.ಗೆ ಇದೇ ವಿಷಯ ತೆಗೆದುಕೊಳ್ಳಲಿ ಅಂತ ನನ್ನ ಆಸೆ. ಅವಳಿಗಿರುವ ಕಿವಿ ನನಗಿಲ್ಲ.

ನನ್ನ ಗೈಡ್ ಪ್ರತಿ ಪುಟದಲ್ಲೂ ‘ಮೊದಲು ಉದಾಹರಣೆ ತೋರಿಸು’ ಅಂದರು. ಭಾರತೀಯ ಭಾಷಾ ಸಂಸ್ಥಾನದ ಲೈಬ್ರರಿಯವರು ಹಳೆಯ ಪುಸ್ತಕಗಳನ್ನು ಹುಡುಕಿ ತೆಗೆದುಕೊಟ್ಟರು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಈ ವಿಷಯದ ಬಾಗಿಲು ತೆರೆದದ್ದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ಕನ್ನಡ ಪುಸ್ತಕಗಳು. ಫೆಲೋಶಿಪ್ ತಿಂಗಳುಗಟ್ಟಲೆ ಬಾರದಿದ್ದಾಗ ಅಕ್ಕ ಚೀಟಿ ಎತ್ತಿ ದುಡ್ಡು ಕಳಿಸಿದಳು, ಒಂದು ಮಾತೂ ಕೇಳದೆ. ಅಕ್ಕಾ, ಇದು ನಿನ್ನದೂ ಹೌದು.

ಅಂಗಡಿಹಳ್ಳಿಯವರೇ, ಮುಂದಿನ ತಿಂಗಳು ಎಲ್ಲ ರೆಕಾರ್ಡಿಂಗ್‌ಗಳನ್ನೂ ಪೆನ್‌ಡ್ರೈವ್‌ಗೆ ಹಾಕಿ ತರುತ್ತೇನೆ. ಯಾರ ಮನೆಯವರ ದನಿ ಅಂತ ಕನ್ನಡದಲ್ಲೇ ಹೆಸರು ಬರೆದಿರುತ್ತೇನೆ. ಯಾವುದನ್ನು ಹೊರಗಿನವರಿಗೆ ಕೊಡಬಹುದು, ಯಾವುದು ಬೇಡ ಅನ್ನೋದನ್ನು ನೀವೇ ಹೇಳಿ. ಹಾಸನದ ಕಡೆ ಭಾಷಾವಿಜ್ಞಾನದ ನೆಟ್ ಪರೀಕ್ಷೆಗೆ ಓದುತ್ತಿರುವವರು ಇದ್ದರೆ ನನ್ನನ್ನು ಕೇಳಿ. ನೋಟ್ಸ್ ಎಲ್ಲ ಕೊಡುತ್ತೇನೆ, ಅರ್ಧಕ್ಕರ್ಧ ಕನ್ನಡದಲ್ಲೇ ಇವೆ.